ಎಸ್‌ಎಂಪಿಎಸ್ ಟೆಸ್ಟರ್: ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಏಳದ ಕಂಪ್ಯೂಟರಿಗೆ ಎಷ್ಟು ಉಪಯೋಗ?

ಅಂಗೈ ಅಗಲದ ಡಬ್ಬಿ, ನಡುವೆ ಪುಟ್ಟ ಎಲ್‌ಸಿಡಿ ಪರದೆ, ಅಂಚಿನಲ್ಲಿ ಬಗೆಬಗೆಯ ಸಾಕೆಟ್‌ಗಳು. ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರನ್ನು ಇದಕ್ಕೆ ಚುಚ್ಚಿ ಸ್ವಿಚ್ ಹಾಕಿದರೆ ಮದರ್‌ಬೋರ್ಡ್ ಇಲ್ಲದೆಯೇ ಎಸ್‌ಎಂಪಿಎಸ್ ಓಡತೊಡಗುತ್ತದೆ, ಪರದೆಯ ಮೇಲೆ ವೋಲ್ಟೇಜುಗಳು ಸಾಲಾಗಿ ಮೂಡುತ್ತವೆ. ಹೊಸ ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ಮೇಲೆ ಕಂಪ್ಯೂಟರ್ ಏಳದೆ ಹೋದರೆ ಹಲವರು ಮೊದಲು ಕೊಳ್ಳಲು ಹೊರಡುವುದು ಇದನ್ನೇ. ಎಸ್‌ಎಂಪಿಎಸ್ ಮೇಲೆ ಅನುಮಾನ ಬರುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಅನುಮಾನವನ್ನು ತೀರಿಸುವ ಶಕ್ತಿ ಈ ಡಬ್ಬಿಗಿಲ್ಲ. ಇದು ಚೆನ್ನಾಗಿ ಮಾಡುವ ಕೆಲಸವೇ ಬೇರೆ, ಅದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆದಿರುವುದಿಲ್ಲ.

ಮೊದಲು, ಅದು ಏನನ್ನು ಅಳೆಯುತ್ತದೆ ನೋಡೋಣ. +12, +5, +3.3, -12 ವೋಲ್ಟ್ ಲೈನುಗಳು, ಕಂಪ್ಯೂಟರ್ ಆಫ್ ಇದ್ದಾಗಲೂ ಜೀವಂತವಾಗಿರುವ 5 ವೋಲ್ಟ್ ಸ್ಟ್ಯಾಂಡ್‌ಬೈ, ಜೊತೆಗೆ ಪಿಜಿ ಎಂದು ತೋರಿಸುವ ಪವರ್ ಗುಡ್ ಸಮಯ, ಅಂದರೆ ವೋಲ್ಟೇಜುಗಳು ನೆಲೆನಿಂತವು ಎಂದು ಎಸ್‌ಎಂಪಿಎಸ್ ಸೂಚಿಸಲು ಹಿಡಿಯುವ ಹೊತ್ತು. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗೆಂದು ಇರುವ ಎಟಿಎಕ್ಸ್ ನಿಯಮದ ಪ್ರಕಾರ ಧನ ವೋಲ್ಟೇಜುಗಳು ಶೇಕಡಾ 5ರಷ್ಟು ಆಚೀಚೆ ಆಗಬಹುದು: 12 ವೋಲ್ಟ್ ಲೈನಿಗೆ 11.4ರಿಂದ 12.6, 5ಕ್ಕೆ 4.75ರಿಂದ 5.25, 3.3ಕ್ಕೆ ಸುಮಾರು 3.14ರಿಂದ 3.46. ಋಣ 12ಕ್ಕೆ ಶೇಕಡಾ 10ರ ಸಡಿಲಿಕೆ ಇದೆ. ಪಿಜಿ ಸಮಯ 100ರಿಂದ 500 ಮಿಲಿಸೆಕೆಂಡ್ ಒಳಗೆ ಬರಬೇಕು. ಇದರಾಚೆ ಹೋದರೆ ಟೆಸ್ಟರ್ ಕೂಗಿಕೊಳ್ಳುತ್ತದೆ, ಅಂಕಿ ಇರಬೇಕಾದಲ್ಲಿ ಕಡಿಮೆಗೆ ಎಲ್‌ಎಲ್, ಹೆಚ್ಚಿಗೆ ಎಚ್‌ಎಚ್ ಎಂದು ತೋರಿಸುತ್ತದೆ. ಹಳೆಯ ಮಾದರಿಗಳಲ್ಲಿ -5 ವೋಲ್ಟ್‌ಗೂ ಒಂದು ದೀಪ ಇರುತ್ತದೆ. ಅದು ಉರಿಯದಿದ್ದರೆ ಗಾಬರಿ ಬೇಡ, ಆ ಲೈನನ್ನು ಎಟಿಎಕ್ಸ್‌ನಿಂದ ತೆಗೆದು ಕಾಲವಾಯಿತು.

ಅಂಕಿಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ತಕರಾರು ಇರುವುದು ಅವುಗಳಿಂದ ನಾವು ತೆಗೆಯುವ ತೀರ್ಮಾನದಲ್ಲಿ. ಟೆಸ್ಟರ್ ಒಳಗಿರುವುದು ಕೆಲವು ರೆಸಿಸ್ಟರ್‌ಗಳು. ಅವು 12 ವೋಲ್ಟ್ ಲೈನಿನಿಂದ ಎಳೆಯುವ ಕರೆಂಟ್ ತೀರಾ ಅಲ್ಪ. 300 ವ್ಯಾಟ್‌ನ ಕಾರ್ಡ್ ಅದೇ ಲೈನಿನಿಂದ 25 ಆಂಪಿಯರ್ ಎಳೆಯುತ್ತದೆ, ಅದೂ ಸಮನಾಗಿ ಅಲ್ಲ, ಕ್ಷಣಕ್ಷಣಕ್ಕೂ ಕುಪ್ಪಳಿಸುತ್ತ. ಕೊಟ್ಟಿಗೆಯಲ್ಲಿ ನಿಂತ ಎತ್ತನ್ನು ನೋಡಿ ಅದು ಎಷ್ಟು ಭಾರದ ಗಾಡಿ ಎಳೆದೀತು ಎಂದು ಹೇಳುವ ಹಾಗಾಯಿತು ಇದು. ಹೊಸ ಕಾರ್ಡುಗಳ ಈ ಕುಪ್ಪಳಿಕೆಯಿಂದಾಗಿಯೇ 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ, 450 ವ್ಯಾಟ್ ಮೀರಿದ, ಕಾರ್ಡಿಗೆ ಪವರ್ ಕೊಡುವ 16 ಪಿನ್ ಕನೆಕ್ಟರ್ ಇರುವ ಎಸ್‌ಎಂಪಿಎಸ್‌ಗಳು ತಮ್ಮ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ಹೊತ್ತು ತಡೆದುಕೊಳ್ಳಬೇಕು ಎಂದು ಹೇಳಿತು. ಅದಕ್ಕಿಂತ ಹಿಂದಿನ ಎಸ್‌ಎಂಪಿಎಸ್ ಒಂದು ಟೆಸ್ಟರ್ ಮೇಲೆ 12.1 ವೋಲ್ಟ್ ತೋರಿಸಿ, ಪೀಪ್ ಎಂದು ಸರ್ಟಿಫಿಕೇಟ್ ಪಡೆದು, ಕಾರ್ಡಿಗೆ ಜೋಡಿಸಿದ ಕೂಡಲೇ ಕಟ್ ಆಗುವುದರಲ್ಲಿ ಆಶ್ಚರ್ಯವಿಲ್ಲ.

ಟೆಸ್ಟರ್ ‘ಕೆಟ್ಟಿದೆ’ ಎಂದರೆ ನಂಬಿ. ‘ಸರಿಯಿದೆ’ ಎಂದರೆ ನಂಬಬೇಡಿ.

ಸಾಮರ್ಥ್ಯ ಸಾಲದೇನೋ ಎಂಬ ಅನುಮಾನಕ್ಕೆ ಎಸ್‌ಎಂಪಿಎಸ್ ಮೈಮೇಲಿನ ಚೀಟಿಯೇ ಟೆಸ್ಟರ್‌ಗಿಂತ ಒಳ್ಳೆಯ ಉತ್ತರ ಕೊಡುತ್ತದೆ. ದೊಡ್ಡ ಅಕ್ಷರದ ಒಟ್ಟು ವ್ಯಾಟ್ ಬಿಟ್ಟು +12 ವೋಲ್ಟ್ ಸಾಲಿನ ಆಂಪಿಯರ್ ಓದಿ. 500 ವ್ಯಾಟ್ ಎಂದು ಬರೆದುಕೊಂಡು 12 ವೋಲ್ಟ್‌ನಲ್ಲಿ 30 ಆಂಪಿಯರ್ ಮಾತ್ರ ಕೊಡುವ ಎಸ್‌ಎಂಪಿಎಸ್ ನಿಜಕ್ಕೂ ಕೊಡುವುದು 360 ವ್ಯಾಟ್. 220 ವ್ಯಾಟ್‌ನ ಕಾರ್ಡ್, 125 ವ್ಯಾಟ್‌ನ ಪ್ರೊಸೆಸರ್, ಫ್ಯಾನು ಡಿಸ್ಕು ಇತ್ಯಾದಿಗೆ 50 ಎಂದರೆ 395 ಆಯಿತು. ಲೆಕ್ಕ ಅಲ್ಲೇ ತಪ್ಪಿತು. ಆದರೂ ಒಂದು ಮಾತು: ಬರೀ ಸಾಮರ್ಥ್ಯ ಕಡಿಮೆಯಾದ ಎಸ್‌ಎಂಪಿಎಸ್ ಬಹುಮಟ್ಟಿಗೆ ಕಂಪ್ಯೂಟರನ್ನು ಎಬ್ಬಿಸಿ, ವಿಂಡೋಸ್ ತನಕ ಕರೆದೊಯ್ದು, ಗೇಮ್ ಶುರುವಾದ ಮೇಲೆ ಕೈಕೊಡುತ್ತದೆ. ಬೂಟ್ ಹೊತ್ತಿನಲ್ಲಿ ಕಾರ್ಡ್ ಪೂರ್ತಿ ಕರೆಂಟ್ ಕೇಳುವುದಿಲ್ಲ. ಹಾಗಾಗಿ ಡಿಸ್‌ಪ್ಲೇಯೇ ಬರದ ಕಂಪ್ಯೂಟರಿನಲ್ಲಿ ವ್ಯಾಟ್ ಲೆಕ್ಕಕ್ಕಿಂತ ಮೊದಲು ನೋಡಬೇಕಾದವು ಬೇಕಾದಷ್ಟಿವೆ.

‘ಏಳುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ರೋಗಗಳಿವೆ. ಬಟನ್ ಒತ್ತಿದರೆ ಏನೇನೂ ಆಗದಿರುವುದು, ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುವುದು, ಎಲ್ಲ ಫ್ಯಾನೂ ತಿರುಗುತ್ತಿದ್ದು ಡಿಸ್‌ಪ್ಲೇ ಬರದಿರುವುದು, ಲೋಗೋ ಬಂದು ವಿಂಡೋಸ್ ಬರದಿರುವುದು. ಇವುಗಳಲ್ಲಿ ಮೊದಲೆರಡಕ್ಕೆ ಮಾತ್ರ ಟೆಸ್ಟರ್ ಏನಾದರೂ ಹೇಳೀತು. ವಿಚಿತ್ರವೆಂದರೆ ಜನ ಇದನ್ನು ಹೆಚ್ಚಾಗಿ ಹೊರತೆಗೆಯುವುದು ಮೂರನೆಯದಕ್ಕೆ.

ಏನೇನೂ ಆಗದಿದ್ದರೆ ಕಾರ್ಡ್ ತೆಗೆದು ಮತ್ತೆ ಬಟನ್ ಒತ್ತಿ ನೋಡಿ. ಆಗಲೂ ಜೀವವಿಲ್ಲ ಎಂದರೆ ಕಾರ್ಡ್ ಕೂರಿಸುವಾಗ ಕೈ ತಾಗಿ 24 ಪಿನ್ ಸಡಿಲವಾಗಿರಬಹುದು, ಮುಂಭಾಗದ ಪವರ್ ಬಟನ್ನಿನ ಎರಡೆಳೆ ವೈರ್ ಕಿತ್ತು ಬಂದಿರಬಹುದು, ಹಿಂದಿನ ರಾಕರ್ ಸ್ವಿಚ್ಚನ್ನೇ ಹಾಕಿರದೆ ಇರಬಹುದು. ಇವನ್ನು ದಾಟಿದ ಮೇಲೆ ಟೆಸ್ಟರ್ ಕೆಲಸಕ್ಕೆ ಬರುತ್ತದೆ: 5 ವೋಲ್ಟ್ ಸ್ಟ್ಯಾಂಡ್‌ಬೈ ಇಲ್ಲದಿದ್ದರೆ ಎಸ್‌ಎಂಪಿಎಸ್ ಸತ್ತಿದೆ, ಮುಂದೆ ಹುಡುಕುವುದೇನೂ ಉಳಿದಿಲ್ಲ. ಪೇಪರ್ ಕ್ಲಿಪ್ಪಿನಿಂದ 24 ಪಿನ್ನಿನ 16ನೇ ಪಿನ್ನನ್ನು, ಅಂದರೆ ಹಸಿರು ವೈರನ್ನು, ಪಕ್ಕದ ಕಪ್ಪು ವೈರಿಗೆ ಸೇರಿಸಿದರೂ ಎಸ್‌ಎಂಪಿಎಸ್ ಓಡುತ್ತದೆ ಎಂದು ಹೇಳುವವರುಂಟು. ಮಾತು ನಿಜವೇ, ಟೆಸ್ಟರ್ ಮಾಡುವುದೂ ಅದನ್ನೇ. ಆದರೆ ಕ್ಲಿಪ್ಪಿನಿಂದ ಗೊತ್ತಾಗುವುದು ಫ್ಯಾನ್ ತಿರುಗಿತು ಎಂಬುದಷ್ಟೇ. ಈಗಿನ ಹಲವು ಎಸ್‌ಎಂಪಿಎಸ್‌ಗಳ ಫ್ಯಾನು ಬಿಸಿಯಾಗುವ ತನಕ ತಿರುಗುವುದೇ ಇಲ್ಲ, ಅದಕ್ಕೆ ಅವನ್ನು ಸತ್ತಿವೆ ಎಂದು ಎಸೆಯುವವರೂ ಇದ್ದಾರೆ.

ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಬಹುಮಟ್ಟಿಗೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಕಟ್ ಆಗುತ್ತಿದೆ. ಪ್ರತಿ ಪ್ರಯತ್ನದ ನಡುವೆ ಗೋಡೆಯ ಸ್ವಿಚ್ ಆರಿಸಿ ಒಂದು ನಿಮಿಷ ಬಿಡಿ. ಒಳಗಿನ ಕೆಪಾಸಿಟರ್ ಖಾಲಿಯಾಗುವ ತನಕ ಕೆಲವು ಎಸ್‌ಎಂಪಿಎಸ್‌ಗಳು ಮತ್ತೆ ಓಡಲು ಒಪ್ಪುವುದಿಲ್ಲ. ಕಾರ್ಡ್ ಇಲ್ಲದೆ ಕಂಪ್ಯೂಟರ್ ಎದ್ದರೆ ಕಾರ್ಡನ್ನು ಸ್ಲಾಟಿನಲ್ಲಿ ಕೂರಿಸಿ, ಅದರ ಪವರ್ ಕೇಬಲ್ ಮಾತ್ರ ಹಾಕದೆ ನೋಡಿ. ಈಗ ಫ್ಯಾನ್‌ಗಳು ತಿರುಗಿ ನಿಂತರೆ ದೋಷ ಕಾರ್ಡಿನ ಸ್ಲಾಟ್ ಕಡೆಯಲ್ಲಿದೆ. ತಿರುಗುತ್ತಲೇ ಇದ್ದು, ಕೇಬಲ್ ಹಾಕಿದ ಮೇಲಷ್ಟೇ ಕಟ್ ಆದರೆ ದೋಷ ಕೇಬಲ್ಲಿನಲ್ಲಿ ಅಥವಾ ಕಾರ್ಡಿನ ಪವರ್ ಕಡೆಯಲ್ಲಿದೆ.

ಕೇಬಲ್ ಎಂದೆವಲ್ಲ, ಟೆಸ್ಟರಿಗೆ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲೇ. ಕೇಬಲ್ಲುಗಳನ್ನು ಬಿಚ್ಚಿ ತೆಗೆಯಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ ಕೇಬಲ್ಲಿನ ಕಾರ್ಡ್ ತುದಿಗೆ ನಿಯಮ ಇದೆ, ಎಸ್‌ಎಂಪಿಎಸ್ ತುದಿಗೆ ಯಾವ ನಿಯಮವೂ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಪಿನ್ ಜೋಡಣೆ ಬೇರೆಯಾಗಿರಬಹುದು. ಹೊಸ ಕಾರ್ಡಿಗೆ ಇನ್ನೊಂದು 8 ಪಿನ್ ಬೇಕೆಂದು ಹಳೆಯ ಡಬ್ಬದಿಂದ ಕೇಬಲ್ ಹುಡುಕಿ ತೆಗೆದು ಚುಚ್ಚಿದರೆ, ಅದು ಸಲೀಸಾಗಿ ಕೂರುತ್ತದೆ, ನೆಲ, ಅಂದರೆ ಗ್ರೌಂಡ್, ಇರಬೇಕಾದ ಪಿನ್ನಿಗೆ 12 ವೋಲ್ಟ್ ತಂದು ಸುರಿಯುತ್ತದೆ. ಹೀಗೆ ಸುಟ್ಟ ಕಾರ್ಡಿಗೆ ವಾರಂಟಿಯ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಅನುಮಾನದ ಕೇಬಲ್ಲನ್ನು ಕಾರ್ಡಿಗೆ ಹಾಕುವ ಮುನ್ನ ಟೆಸ್ಟರಿನ ಪಿಸಿಐಇ, ಅಂದರೆ ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲಿಗೆಂದೇ ಇರುವ, ಸಾಕೆಟ್ಟಿಗೆ ಹಾಕಿದರೆ, ತಪ್ಪಿದ್ದಲ್ಲಿ ಹಾಳಾಗುವುದು ಹೆಚ್ಚೆಂದರೆ ಆ ಅಗ್ಗದ ಡಬ್ಬಿ. 24 ಪಿನ್ ಚುಚ್ಚಿಯೇ ಇರಲಿ, ಉಳಿದವನ್ನು ಒಂದೊಂದಾಗಿ ಹಾಕಿ ತೆಗೆಯಿರಿ.

ಹಾಗೆ ಹಾಕುವಾಗ ಸಾಕೆಟ್ಟಿನ ಹೆಸರು ಓದಿ. ಪ್ರೊಸೆಸರಿನ 8 ಪಿನ್ನೂ ಕಾರ್ಡಿನ 8 ಪಿನ್ನೂ ನೋಡಲು ಅಣ್ಣತಮ್ಮಂದಿರು, ಒಳಗೆ ತದ್ವಿರುದ್ಧ. ಪ್ರೊಸೆಸರಿನದರಲ್ಲಿ 12 ವೋಲ್ಟ್ ಇರುವುದು ಕ್ಲಿಪ್ ಇರುವ ಸಾಲಿನಲ್ಲಿ. ಕಾರ್ಡಿನದರಲ್ಲಿ ಕ್ಲಿಪ್ ಕಡೆಯ ಸಾಲು ನೆಲ. ಪ್ಲಾಸ್ಟಿಕ್ಕಿನ ಚೌಕ ಮತ್ತು ಮೂಲೆ ಕತ್ತರಿಸಿದ ಆಕಾರಗಳು ಒಂದನ್ನು ಇನ್ನೊಂದಕ್ಕೆ ಹೋಗದಂತೆ ತಡೆಯುತ್ತವೆ, ಬಲ ಹಾಕಿ ಒತ್ತದಿದ್ದರೆ. ಗುರುತು ಸುಲಭ: ನಾಲ್ಕು ಮತ್ತು ನಾಲ್ಕಾಗಿ ಒಡೆಯುವುದು ಪ್ರೊಸೆಸರಿನದು, ಆರು ಮತ್ತು ಎರಡಾಗಿ ಒಡೆಯುವುದು ಕಾರ್ಡಿನದು.

ಈಗ ಮೂರನೆಯ ರೋಗ, ಎಲ್ಲರಿಗೂ ಬರುವಂಥದ್ದು. ಫ್ಯಾನ್ ತಿರುಗುತ್ತಿದೆ, ಆರ್‌ಜಿಬಿ ದೀಪ ಮಿನುಗುತ್ತಿದೆ, ಮಾನಿಟರ್ ಮಾತ್ರ ‘ಸಿಗ್ನಲ್ ಇಲ್ಲ’ ಎನ್ನುತ್ತಿದೆ. ಇಲ್ಲಿ ಟೆಸ್ಟರಿಗಾಗಿ 24 ಪಿನ್ ಕಿತ್ತು ತೆಗೆಯುವುದು ವ್ಯರ್ಥ ಶ್ರಮ, ಆ ಬಿಗಿ ಕನೆಕ್ಟರ್ ಎಳೆಯುವಾಗ ಬೋರ್ಡ್ ಬಾಗಿ ಹೊಸ ತೊಂದರೆ ಹುಟ್ಟಿಕೊಳ್ಳುವುದೂ ಉಂಟು. ಮಾನಿಟರ್ ಕೇಬಲ್ ಇನ್ನೂ ಮದರ್‌ಬೋರ್ಡಿನ ಎಚ್‌ಡಿಎಂಐನಲ್ಲೇ ಇದೆಯೇ ನೋಡಿ. ಕಾರ್ಡ್ ಹಾಕಿದ ಮೇಲೆ ಹಲವು ಬೋರ್ಡುಗಳು ಪ್ರೊಸೆಸರಿನ ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡುತ್ತವೆ. ಇಂಟೆಲ್‌ನ ಎಫ್ ಅಕ್ಷರದ ಪ್ರೊಸೆಸರ್‌ಗಳಲ್ಲಿ, ರೈಜೆನ್ 5000 ಸಾಲಿನ ಜಿ ಇಲ್ಲದವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಆಮೇಲೆ ಕಾರ್ಡಿನ ಪವರ್: ಸ್ಲಾಟಿನಿಂದ ಸಿಗುವುದು 75 ವ್ಯಾಟ್, 6 ಪಿನ್ನಿಂದ 75, 8 ಪಿನ್ನಿಂದ 150. ಎರಡು 8 ಪಿನ್ ಇರುವ ಕಾರ್ಡಿಗೆ ಒಂದೇ ಹಾಕಿದರೆ ಅದು ಏಳುವುದಿಲ್ಲ. ಒಂದೇ ಕೇಬಲ್ಲಿನ ಎರಡು ತಲೆಗಳನ್ನು ಹಾಕಿದರೆ ಏಳುತ್ತದೆ, ಆದರೆ 225 ವ್ಯಾಟ್ ಮೀರಿದ ಕಾರ್ಡಿಗೆ ಎರಡು ಬೇರೆ ಕೇಬಲ್ಲುಗಳೇ ವಾಸಿ.

16 ಪಿನ್ ಕನೆಕ್ಟರಿನ ಸಂಗತಿ ಬೇರೆ. 2023ರಲ್ಲಿ ಬಂದ ಅದರ ತಿದ್ದಿದ ರೂಪದಲ್ಲಿ, ಅಂದರೆ 12ವಿ-2ಎಕ್ಸ್6ನಲ್ಲಿ, ನಾಲ್ಕು ಪುಟ್ಟ ಸೆನ್ಸ್ ಪಿನ್ನುಗಳನ್ನು ಒಳಕ್ಕೆ ಸರಿಸಿದ್ದಾರೆ. ಪ್ಲಗ್ ಪೂರ್ತಿ ಕೂರದಿದ್ದರೆ ಅವು ಮುಟ್ಟುವುದಿಲ್ಲ, ಮುಟ್ಟದಿದ್ದರೆ ಕಾರ್ಡ್ ಪವರ್ ತೆಗೆದುಕೊಳ್ಳುವುದಿಲ್ಲ. ಕಾರ್ಡ್ ಸತ್ತಂತೆ ಕಾಣುವುದು ಇಲ್ಲಿ ದೋಷವಲ್ಲ, ರಕ್ಷಣೆ. ಕ್ಲಿಕ್ ಎಂಬ ಸದ್ದು ಕೇಳುವ ತನಕ ನೇರವಾಗಿ ಒತ್ತಿ, ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಉಗುರು ತೂರುವಷ್ಟೂ ಸಂದು ಉಳಿಯಬಾರದು. ಅಗ್ಗದ ಟೆಸ್ಟರ್‌ಗಳಲ್ಲಿ ಹೆಚ್ಚಿನವಕ್ಕೆ ಈ ಸಾಕೆಟ್ಟೇ ಇಲ್ಲ.

ಕಾರ್ಡ್ ಕೂತಿದೆಯೇ ಎಂಬುದನ್ನು ಸ್ಲಾಟಿನ ತುದಿಯ ಕೊಕ್ಕೆ ನೋಡಿ ಹೇಳಬೇಡಿ. ಚಿನ್ನದ ಬಣ್ಣದ ಅಂಚು ಉದ್ದಕ್ಕೂ ಒಂದೇ ಸಮನಾಗಿ ಮರೆಯಾಗಿರಬೇಕು. ಕ್ಯಾಬಿನೆಟ್ಟಿನ ಹಿಂಬದಿಯ ತಗಡಿಗೆ ಬ್ರಾಕೆಟ್ಟಿನ ಕೆಳತುದಿ ತಗುಲಿಕೊಂಡರೆ ಸ್ಕ್ರೂ ಬಿಗಿ ಮಾಡಿದಾಗ ಕಾರ್ಡಿನ ಒಂದು ಮೂಲೆ ಮೇಲೇಳುತ್ತದೆ. ಭಾರದ ಕಾರ್ಡ್ ಒತ್ತುವಾಗ ಪಕ್ಕದ ರ‍್ಯಾಮ್ ಅಲುಗಿರಬಹುದು, ಅದನ್ನೂ ಒಮ್ಮೆ ತೆಗೆದು ಕೂರಿಸಿ.

ಇಲ್ಲಿ ಟೆಸ್ಟರ್‌ಗಿಂತ ಹತ್ತು ಪಾಲು ಮೇಲು ಎನ್ನಬಹುದಾದ ಸಾಧನ ಎರಡಿವೆ. ಮೊದಲನೆಯದು ಈಗಿನ ಹಲವು ಬೋರ್ಡುಗಳ ಮೇಲೆ ಪುಕ್ಕಟೆ ಸಿಗುವ ನಾಲ್ಕು ದೀಪ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಏಸಸ್ ಇದನ್ನು ಕ್ಯೂ-ಎಲ್‌ಇಡಿ ಎನ್ನುತ್ತದೆ, ಎಂಎಸ್‌ಐ ಈಜಿ ಡೀಬಗ್ ಎಲ್‌ಇಡಿ ಎನ್ನುತ್ತದೆ. ಯಾವುದು ಉರಿದು ನಿಲ್ಲುತ್ತದೋ ಅಲ್ಲಿ ತಡೆ. ವಿಜಿಎ ದೀಪವಾದರೆ ಕಾರ್ಡ್, ಡಿರ‍್ಯಾಮ್ ಆದರೆ ಮೇಲೆ ಹೇಳಿದ ಅಲುಗಿದ ರ‍್ಯಾಮ್. ಎರಡಂಕಿಯ ಕೋಡ್ ತೋರಿಸುವ ದುಬಾರಿ ಬೋರ್ಡುಗಳಲ್ಲಿ ಡಿ6 ಎಂದರೆ ಚಿತ್ರ ತೋರಿಸಬಲ್ಲ ಸಾಧನ ಸಿಗಲಿಲ್ಲ ಎಂದರ್ಥ. ಎರಡನೆಯದು ಪುಟ್ಟ ಬೀಪರ್. ಬೋರ್ಡಿನ ‘ಸ್ಪೀಕರ್’ ಎಂದು ಬರೆದ 4 ಪಿನ್ನಿಗೆ ಚುಚ್ಚಿದರೆ ಹಳೆಯ ಅವಾರ್ಡ್ ಕಂಪನಿಯ ಬಯೋಸ್, ಅಂದರೆ ಬೋರ್ಡನ್ನು ಎಬ್ಬಿಸುವ ತಂತ್ರಾಂಶ, ಒಂದು ಉದ್ದ ಎರಡು ಗಿಡ್ಡ ಎಂದು, ಎಎಂಐ ಕಂಪನಿಯದು ಎಂಟು ಗಿಡ್ಡ ಎಂದು ಕೂಗಿ ಡಿಸ್‌ಪ್ಲೇ ದೋಷ ಹೇಳುತ್ತದೆ. ಬೋರ್ಡ್ ತಯಾರಕರು ಈ ಭಾಷೆಯನ್ನು ತಮಗೆ ಬೇಕಾದಂತೆ ಬದಲಿಸಿಕೊಂಡಿರುತ್ತಾರೆ, ಆದ್ದರಿಂದ ಬೋರ್ಡಿನ ಕೈಪಿಡಿ ಪಕ್ಕದಲ್ಲಿರಲಿ.

ವಿಜಿಎ ದೀಪ ಉರಿಯುತ್ತಿದ್ದು ಕಾರ್ಡ್ ಇನ್ನೊಂದು ಕಂಪ್ಯೂಟರಿನಲ್ಲಿ ಕೆಲಸ ಮಾಡಿದರೆ ಅದು ಬಹುಮಟ್ಟಿಗೆ ಕರೆಂಟಿನ ಮಾತಲ್ಲ, ಬಯೋಸ್ ಮಾತು. ಯುಇಎಫ್‌ಐ ಎಂಬ ಹೊಸ ಬಗೆಯ ಬಯೋಸ್ ಇರುವ ಬೋರ್ಡಿನಲ್ಲಿ ಸಿಎಸ್‌ಎಂ, ಅಂದರೆ ಹಳೆಯ ರೀತಿಯ ಬೂಟಿಗೆ ಎಡೆಕೊಡುವ ಆಯ್ಕೆ, ಆಫ್ ಆಗಿದ್ದರೆ ಕಾರ್ಡಿನ ಸ್ವಂತ ಬಯೋಸ್ ಆದ ವಿಬಯೋಸ್‌ನಲ್ಲಿ ಯುಇಎಫ್‌ಐಗೆ ಬೇಕಾದ ಜಿಒಪಿ ಎಂಬ ತುಣುಕು ಇರಲೇಬೇಕು. ಯುಇಎಫ್‌ಐಗೆ ಮುಂಚಿನ ಹಳೆಯ ಸೆಕೆಂಡ್ ಹ್ಯಾಂಡ್ ಕಾರ್ಡುಗಳಲ್ಲಿ ಅದಿಲ್ಲ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಒಳಗಿನ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದು, ಬಯೋಸ್ ಅಪ್‌ಡೇಟ್ ಮಾಡಿ, ಸಿಎಸ್‌ಎಂ ಬದಲಿಸಿ, ಮತ್ತೆ ಕಾರ್ಡ್ ಹಾಕಿ. ಆದರೆ ಸಿಎಸ್‌ಎಂ ಮುಟ್ಟುವ ಮುನ್ನ ಎರಡು ಎಚ್ಚರ. ವಿಂಡೋಸ್ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಂಗಡಣೆಯ ಮಾದರಿಯಲ್ಲಿದ್ದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಅದು ಬೂಟ್ ಆಗುವುದನ್ನು ನಿಲ್ಲಿಸುತ್ತದೆ, ನಾಲ್ಕನೆಯ ರೋಗಕ್ಕೆ ಇದು ದೊಡ್ಡ ಕಾರಣ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಬಯೋಸ್ ಬದಲಾದಾಗ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು; ಮೊದಲೇ ಬರೆದಿಟ್ಟುಕೊಳ್ಳಿ.

ಕಾರ್ಡಿನ ಕಡೆಯ ಫರ್ಮ್‌ವೇರ್, ಅಂದರೆ ಅದರೊಳಗಿನ ತಂತ್ರಾಂಶ, ಕೂಡ ಕಾರಣವಾಗುವುದುಂಟು. ಎನ್‌ವಿಡಿಯಾದ 900 ಮತ್ತು 1000 ಸಾಲಿನ ಕಾರ್ಡುಗಳಿಗೆ ಡಿಸ್‌ಪ್ಲೇಪೋರ್ಟ್ 1.3 ಅಥವಾ 1.4 ಮಾನಿಟರ್ ಜೋಡಿಸಿದರೆ ವಿಂಡೋಸ್ ಬರುವ ತನಕ ಪರದೆ ಖಾಲಿ ಇರುತ್ತಿತ್ತು, ಅದಕ್ಕೆಂದೇ ಕಂಪನಿ ಅಪ್‌ಡೇಟ್ ಬಿಟ್ಟಿತು. ಅಂಥ ಕಡೆ ಮೊದಲ ಸಲ ಎಚ್‌ಡಿಎಂಐ ಕೇಬಲ್ಲಿನಿಂದ ಬೂಟ್ ಮಾಡಿ ನೋಡುವುದು ಲೇಸು. ಕಾರ್ಡನ್ನು ರೈಸರ್ ಕೇಬಲ್ಲಿನ ಮೂಲಕ ನೆಟ್ಟಗೆ ನಿಲ್ಲಿಸಿದ್ದರೆ, ಕೇಬಲ್ ಪಿಸಿಐಇ 3.0, ಕಾರ್ಡ್ 4.0 ಆದಾಗ ಎರಡೂ ಹೊಂದಿಕೊಳ್ಳದೆ ಕಪ್ಪು ಪರದೆ ಬರುತ್ತದೆ. ಕಾರ್ಡನ್ನು ನೇರ ಸ್ಲಾಟಿಗೆ ಹಾಕಿ, ಬಯೋಸ್‌ನಲ್ಲಿ ಸ್ಲಾಟಿನ ವೇಗ ಜೆನ್ 3 ಎಂದು ಗೊತ್ತುಮಾಡಿ, ಆಮೇಲೆ ರೈಸರ್ ಹಾಕಿ.

ಬಯೋಸ್ ಒಳಗೆ ಹೋಗಲು ದಾರಿಯೇ ಇಲ್ಲದಿದ್ದರೆ ಸಿಮಾಸ್, ಅಂದರೆ ಬಯೋಸ್ ಸೆಟ್ಟಿಂಗುಗಳ ನೆನಪು, ಅಳಿಸುವುದೇ ಉಳಿಯುವುದು. ಗೋಡೆಯಿಂದ ಬರುವ ಪವರ್ ವೈರ್ ಕಿತ್ತು, ಬಟನ್ 15 ಸೆಕೆಂಡ್ ಒತ್ತಿ ಹಿಡಿದು, ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಸೆಲ್ 3 ವೋಲ್ಟಿನದು, 2.7ಕ್ಕಿಂತ ಕೆಳಗೆ ಇಳಿದಿದ್ದರೆ ಹೊಸದು ಹಾಕುವುದೇ ಸರಿ. ಡಿಡಿಆರ್5 ಬೋರ್ಡುಗಳು ಇದಾದ ಮೇಲಿನ ಮೊದಲ ಬೂಟ್‌ನಲ್ಲಿ ರ‍್ಯಾಮ್ ಅಳೆದು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ, ಡಿರ‍್ಯಾಮ್ ದೀಪ ಉರಿಯುತ್ತಲೇ ಇರುತ್ತದೆ. ತಾಳ್ಮೆಗೆಟ್ಟು ಸ್ವಿಚ್ ಆರಿಸಿದರೆ ಅದು ಮತ್ತೆ ಮೊದಲಿನಿಂದ ಶುರು.

ಟೆಸ್ಟರಿನ ಬದಲು ಒಂದು ಸಾಧಾರಣ ಮಲ್ಟಿಮೀಟರ್ ಕೊಂಡರೆ? ಕೈ ಸ್ವಲ್ಪ ಪಳಗಿದವರಿಗೆ ಅದೇ ಉತ್ತಮ ಖರೀದಿ. ಟೆಸ್ಟರ್ ಮಾಡಲಾಗದ ಎರಡು ಕೆಲಸ ಅದು ಮಾಡುತ್ತದೆ. ಕಂಪ್ಯೂಟರ್ ಓಡುತ್ತಿರುವಾಗಲೇ ಕನೆಕ್ಟರಿನ ಹಿಂಬದಿಯಿಂದ ಮೊನೆ ತೂರಿಸಿ 12 ವೋಲ್ಟ್ ಅಳೆಯಬಹುದು. ಲೋಡ್ ಬಿದ್ದಾಗ 11.4ಕ್ಕಿಂತ ಕೆಳಗಿಳಿದರೆ ಎಸ್‌ಎಂಪಿಎಸ್ ಮೇಲಿನ ಆರೋಪ ರುಜುವಾತಾಯಿತು. ಮೊನೆ ಪಕ್ಕದ ಪಿನ್ನಿಗೆ ತಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಇನ್ನೊಂದು, ಕಾರ್ಡನ್ನು ಹೊರತೆಗೆದು ಅದರ 8 ಪಿನ್ನಿನ 12 ವೋಲ್ಟ್ ಪಿನ್ನಿಗೂ ನೆಲಕ್ಕೂ ನಡುವೆ ಕಂಟಿನ್ಯೂಟಿ, ಅಂದರೆ ಎರಡೂ ಒಳಗೆ ನೇರ ಕೂಡಿಕೊಂಡಿವೆಯೇ ಎಂದು, ನೋಡುವುದು. ಮೀಟರ್ ಒಮ್ಮೆ ಕೂಗಿ ಸುಮ್ಮನಾದರೆ ಕೆಪಾಸಿಟರ್ ತುಂಬಿಕೊಂಡಿತು ಅಷ್ಟೆ, ಎಡೆಬಿಡದೆ ಕೂಗಿದರೆ ಕಾರ್ಡಿನೊಳಗೆ ಶಾರ್ಟ್ ಇದೆ, ಅಂಗಡಿಗೆ ವಾಪಸ್ ಕೊಡಿ. ಮೀಟರಿಗೂ ಮಿತಿ ಇದೆ. ಸೆಕೆಂಡಿಗೆ ಕೆಲವೇ ಸಲ ಅಂಕಿ ಬದಲಿಸುವ ಅದಕ್ಕೆ 100 ಮೈಕ್ರೋಸೆಕೆಂಡಿನ ಕುಸಿತ ಕಾಣುವುದಿಲ್ಲ. ಅಂಥದ್ದನ್ನು ಹಿಡಿಯುವುದು ಆಸಿಲ್ಲೋಸ್ಕೋಪ್, ಅದಿಲ್ಲದವರಿಗೆ ಗಟ್ಟಿ ಎಸ್‌ಎಂಪಿಎಸ್ ಒಂದನ್ನು ಎರವಲು ತಂದು ಬದಲಿಸಿ ನೋಡುವ ಹಳೆಯ ಉಪಾಯ.

ಟೆಸ್ಟರಿನ ಪಕ್ಕದಲ್ಲೇ ಮಾರಾಟಕ್ಕಿರುವ, ಬೂಟ್ ಎಲ್ಲಿ ನಿಂತಿತು ಎಂದು ಕೋಡಿನಲ್ಲಿ ತೋರಿಸುವ ಪೋಸ್ಟ್ ಕೋಡ್ ಕಾರ್ಡ್ ಬಗ್ಗೆ ಒಂದೇ ಮಾತು: ಬೇಡ. ಹಳೆಯ ಪಿಸಿಐ ಸ್ಲಾಟ್ ಇದ್ದ ಕಾಲಕ್ಕೆ ಅದು ಚಿನ್ನದಂಥ ಸಾಧನವಾಗಿತ್ತು. ಈಗಿನ ಬಹುಪಾಲು ಬೋರ್ಡುಗಳು ಆ ಕೋಡುಗಳನ್ನು ಪಿಸಿಐಇ ಸ್ಲಾಟಿಗೆ ಕಳಿಸುವುದೇ ಇಲ್ಲ.

ಇಷ್ಟೆಲ್ಲ ತಿಳಿದೂ ಟೆಸ್ಟರ್ ಕೊಳ್ಳುವವರು ದೀಪ ಮಾತ್ರ ಇರುವುದನ್ನು ಬಿಟ್ಟು ಅಂಕಿ ತೋರಿಸುವುದನ್ನೇ ಆರಿಸಿಕೊಳ್ಳಲಿ, ಏಕೆಂದರೆ 11.5 ವೋಲ್ಟ್ ಇದ್ದಾಗಲೂ 12.1 ಇದ್ದಾಗಲೂ ಹಸಿರು ದೀಪ ಒಂದೇ ಥರ ಉರಿಯುತ್ತದೆ. ಪ್ರೊಸೆಸರಿಗೂ ಕಾರ್ಡಿಗೂ ಬೇರೆ ಬೇರೆ ಸಾಕೆಟ್ ಇರಲಿ, ಹೆಸರುಗಳು ಅಳಿಸದಂತೆ ಮುದ್ರಿತವಾಗಿರಲಿ. ಪಿಜಿ ಸಮಯವನ್ನು ಮಿಲಿಸೆಕೆಂಡಿನಲ್ಲಿ ತೋರಿಸಲಿ. ಕಂಪನಿಯೇ ಜೋಡಿಸಿ ಮಾರಿದ ಡೆಸ್ಕ್‌ಟಾಪ್ ನಿಮ್ಮದಾದರೆ ಮೊದಲು ಮುಚ್ಚಳ ತೆಗೆದು ಬೋರ್ಡಿಗೆ ಬರುವ ಕನೆಕ್ಟರ್ ಎಣಿಸಿ: ಅಂಥ ಹಲವು ಯಂತ್ರಗಳಲ್ಲಿ ಇರುವುದು 24 ಪಿನ್ ಅಲ್ಲ, ಆ ಕಂಪನಿಯದೇ ಸ್ವಂತ ಜೋಡಣೆ. ಎಟಿಎಕ್ಸ್12ವಿಒ ಮಾದರಿಯ 10 ಪಿನ್ ಎಸ್‌ಎಂಪಿಎಸ್‌ಗಳೂ ಹಾಗೆಯೇ, 24 ಪಿನ್ನಿನ ಟೆಸ್ಟರ್ ಅವುಗಳಿಗೆ ಹೊಂದುವುದಿಲ್ಲ.